ಆರು ಬಿರಡೆ, ಆರು ಬೊಟ್ಟು

ನಮ್ಮ ಮನೆಯಲ್ಲಿ ಮುಗಿದ ಕೆಲಸಕ್ಕೆ ಕುಂಕುಮ ಇಡುತ್ತಿದ್ದರು. ಉಪ್ಪಿನಕಾಯಿ ತುಂಬಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿದರೆ ಅದರ ಹೊಟ್ಟೆಗೊಂದು ಬೊಟ್ಟು. ಜೋಳ ಹಸನು ಮಾಡಿ ಚೀಲದ ಬಾಯಿ ಹೊಲಿದರೆ ಹೊಲಿಗೆಯ ಮೇಲೊಂದು. ಶಾಲೆಯ ಪುಸ್ತಕಗಳಿಗೆಲ್ಲ ರಟ್ಟು ಹಾಕಿ ಮುಗಿಸಿದ ದಿನ ಪ್ರತಿ ಪುಸ್ತಕದ ಮೂಲೆಗೂ ಒಂದೊಂದು. ಬೊಟ್ಟು ಬಿದ್ದ ವಸ್ತುವನ್ನು ವೇಳೆ ಬರುವ ತನಕ ಯಾರೂ ಮುಟ್ಟುವಂತಿರಲಿಲ್ಲ. ಇದು ಅಜ್ಜ ಹಾಕಿದ ಕಟ್ಟಳೆ. ಹಿಡಿದದ್ದನ್ನು ಮುಗಿಸು, ಮುಗಿಸಿದ್ದನ್ನು ಕೆದಕಬೇಡ, ಮುಂದಿನದಕ್ಕೆ ನಡೆ. ಕೆಲಸ ಕೆಟ್ಟರೆ ಅದಕ್ಕೆ ತೇಪೆ ಹಚ್ಚುವಂತಿಲ್ಲ. ಪೂರಾ ಬಿಚ್ಚಿ ಮೊದಲಿನಿಂದ ಮಾಡಬೇಕು. ಸವದತ್ತಿಯ ಆ ಮನೆಯಲ್ಲಿ ಹನ್ನೆರಡು ವರ್ಷದವಳಾಗುವ ತನಕ, ಜಗತ್ತಿನ ಎಲ್ಲ ಕೆಲಸಗಳೂ ಹೀಗೆ ಸಾಲಾಗಿ ನಿಂತಿರುತ್ತವೆ, ಒಂದೊಂದಕ್ಕೇ ಬೊಟ್ಟಿಡುತ್ತ ಹೋದರೆ ಸಂಜೆಯೊಳಗೆ ಸಾಲು ಮುಗಿಯುತ್ತದೆ ಎಂದು ನಾನು ನಂಬಿದ್ದೆ.

ಮನೆ ಮಣ್ಣಿನ ಮಾಳಿಗೆಯದು. ಮುಂದೆ ಪಡಸಾಲೆ, ಅದರಾಚೆ ನಡುಮನೆ, ನಡುಮನೆಯ ಎಡಕ್ಕೆ ದೇವರ ಕೋಣೆ, ಬಲಕ್ಕೆ ಅಡುಗೆಮನೆ, ಹಿಂದೆ ಬಾವಿಯಿದ್ದ ಹಿತ್ತಲು. ಗೋಡೆಗಳು ಎರಡು ಮೊಳ ದಪ್ಪ. ಹೊರಗೆ ಬಿಸಿಲು ಎಷ್ಟೇ ಕಾಯಲಿ, ನಡುಮನೆಯಲ್ಲಿ ಬಾವಿಯೊಳಗಿನ ತಂಪು, ಬಾವಿಯೊಳಗಿನ ಮಬ್ಬು. ಆ ಮಬ್ಬಿಗೆ ಮಾಳಿಗೆಯ ಬೆಳಕಿಂಡಿಯಿಂದ ಒಂದೇ ಒಂದು ಬೆಳಕಿನ ಕಂಬ ಇಳಿಯುತ್ತಿತ್ತು. ಅದರೊಳಗೆ ಧೂಳು ಯಾವ ಅವಸರವೂ ಇಲ್ಲದೆ ಈಜುತ್ತಿತ್ತು. ಮನೆಯಲ್ಲಿ ಅವಸರವಿಲ್ಲದ್ದು ಅದೊಂದೇ. ಅಜ್ಜ ವೇದ ಹೇಳಿಕೊಡುವವರು. ನಾಲ್ಕೂವರೆಗೆ ಬಾವಿಯ ಗಾಲಿ ಕಿರುಗುಟ್ಟಿತೆಂದರೆ ಅವರ ಸ್ನಾನ. ಐದಕ್ಕೆ ಪಡಸಾಲೆಯಲ್ಲಿ ಮೂವರು ಶಿಷ್ಯರು. ಏಳಕ್ಕೆ ಪೂಜೆ, ಹನ್ನೊಂದೂವರೆಗೆ ಊಟ, ಒಂದೂವರೆಯಿಂದ ಮೂರರ ತನಕ ಪಡಸಾಲೆಯ ಚಾಪೆಯ ಮೇಲೆ ನಿದ್ದೆ, ಮೂರಕ್ಕೆ ಎದ್ದು ಒಂದು ತಂಬಿಗೆ ನೀರು. ಅಪ್ಪ ರಾಮದುರ್ಗದ ಕಚೇರಿಯಲ್ಲಿ ಕಾರಕೂನರು. ಶನಿವಾರದ ಬಸ್ಸಿಗೆ ಬಂದು ಸೋಮವಾರದ ಬಸ್ಸಿಗೆ ಹೋಗುವವರು. ಉಳಿದ ದಿನ ಮನೆಯಲ್ಲಿ ಅಜ್ಜ, ಅವ್ವ, ನಾನು. ಗಡಿಯಾರ ಹೊಡೆಯುವ ಮೊದಲೇ ನಮ್ಮ ಕೈಗಳು ಮುಂದಿನ ಕೆಲಸಕ್ಕೆ ಚಾಚುತ್ತಿದ್ದವು.

ಆ ಬೇಸಿಗೆಯ ರಜೆಯಲ್ಲಿ ವಸಂತ ಕಾಕಾ ಬಂದ. ಅಪ್ಪನ ತಮ್ಮ. ಬೆಳಗಾವಿಯ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ; ಅಂಗಡಿ ಮುಚ್ಚಿತೆಂದು ಹೇಳಿದ. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಹಾಸಿಗೆಯ ಹಾಗೆ ಚಾದರದಲ್ಲಿ ಸುತ್ತಿದ ಏನೋ ಒಂದು. ಪಡಸಾಲೆಯಲ್ಲಿ ಚಾದರ ಬಿಚ್ಚಿದಾಗ ಒಳಗಿನಿಂದ ಬಂದದ್ದು ಒಂದು ಗಿಟಾರು. ಅಂಗಡಿಯ ಮಗ್ಗುಲ ಮನೆಯಲ್ಲಿದ್ದ ಗೋವಾದ ಮುದುಕರೊಬ್ಬರು ಅವನಿಗೆ ಬಾರಿಸುವುದನ್ನು ಕಲಿಸಿದವರು. ಊರಿಗೆ ಹೋಗುವಾಗ ಅದನ್ನು ಅವನಿಗೇ ಬಿಟ್ಟುಹೋಗಿದ್ದರಂತೆ. ಆಗಲೇ ಅದಕ್ಕೆ ವಯಸ್ಸಾಗಿತ್ತು. ಒಂದು ಕಾಲದಲ್ಲಿ ಕೆನೆಯ ಬಣ್ಣವಿದ್ದದ್ದು ಹಳೆಯ ತುಪ್ಪದ ಬಣ್ಣಕ್ಕೆ ತಿರುಗಿತ್ತು. ಬಣ್ಣದ ಮೇಲೆಲ್ಲ ಅಜ್ಜಿಯರ ಕೈಮೇಲಿನ ಗೆರೆಗಳಂಥ ಬಿರುಕುಗಳು. ಅಜ್ಜ ಬಗ್ಗಿ ನೋಡಿದರು. ಮುಟ್ಟಲಿಲ್ಲ.

"ಇದರ ಹೊಟ್ಟಿ ಎಲ್ಲಿ ಅದ?"

"ಇದಕ್ಕ ಹೊಟ್ಟಿ ಇಲ್ಲಪ್ಪ. ಕರೆಂಟಿನ ಮ್ಯಾಲೆ ನಡೀತದ."

"ಹೊಟ್ಟಿ ಇಲ್ಲದ್ದು ಹೆಂಗ ಹಾಡ್ತದ? ಇರಲಿ, ಅದರದ ಬಿಡು. ನಿಂದಂತೂ ಹೊಟ್ಟಿ ಅದ. ಅದು ಹೆಂಗ ನಡೀತದ?"

ಕಾಕಾ ನಕ್ಕ. ಅಜ್ಜ ನಗಲಿಲ್ಲ. ಅವರ ಕಣ್ಣು ಗಿಟಾರಿನ ಪಟ್ಟಿಯ ಮೇಲಿತ್ತು.

"ಅದು ತೊಗಲೇನು?"

ತೊಗಲೇ. ಪಟ್ಟಿ ಅವತ್ತೇ ಬಿಚ್ಚಿಹೋಗಿ ಹಿತ್ತಲ ಬಾಗಿಲಾಚೆ ಚಪ್ಪಲಿಗಳ ಮೇಲಿನ ಗೂಟಕ್ಕೆ ಸೇರಿತು. ಅದರ ಬದಲಿಗೆ ಅವ್ವ ತನ್ನ ಹರಿದ ಇಳಕಲ್ಲ ಸೀರೆಯ ಕೆಂಪು ಸೆರಗಿನ ಅಂಚನ್ನು ನಾಲ್ಕು ಮಡಿಕೆ ಮಾಡಿ ಹೊಲಿದುಕೊಟ್ಟಳು.

ಕಾಕಾನ ಮುಂದೆ ಎರಡು ದಾರಿಗಳಿದ್ದವು. ಹೂಲಿಯಲ್ಲಿ ನಮ್ಮ ದಾಯಾದಿಗಳು ಒಂದು ಗುಡಿಯ ಪೂಜೆ ನೋಡಿಕೊಂಡಿದ್ದರು. ಪೂಜೆ ಮಾಡುತ್ತಿದ್ದ ಹಿರಿಯರಿಗೆ ಕಣ್ಣು ಕಾಣದಾಗಿ, ವಸಂತನನ್ನು ಕಳಿಸಿರೆಂದು ಅಜ್ಜನಿಗೆ ಹೇಳಿ ಕಳಿಸಿದ್ದರು. ಅಜ್ಜ ಹ್ಞೂಂ ಎಂದಿದ್ದರು. ಇನ್ನೊಂದು, ಬೈಲಹೊಂಗಲದ ಒಂದು ವಾದ್ಯಮೇಳ. ಮದುವೆ, ಸಮಾರಂಭಗಳಲ್ಲಿ ಸಿನಿಮಾ ಹಾಡು ನುಡಿಸುವವರು. ಅವರಿಗೆ ಗಿಟಾರು ಬಾರಿಸುವವನು ಬೇಕಾಗಿದ್ದ. ಮೂರು ವಾರ ಬಿಟ್ಟು ಒಂದು ಮದುವೆಯಿತ್ತು. ಅಲ್ಲಿ ಬಂದು ಬಾರಿಸು, ಸರಿಬಿದ್ದರೆ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಕಾಕಾ ಇದನ್ನು ಊಟದ ಹೊತ್ತಿಗೆ ಹೇಳಿದ. ಮಜ್ಜಿಗೆಯನ್ನಕ್ಕೆ ಬಂದಾಗ ಹೇಳಿದ. ಅದಕ್ಕಿಂತ ಮೊದಲು ಹೇಳುವ ಧೈರ್ಯವಾಗಿರಲಿಲ್ಲ. ಅವ್ವ ಉಪ್ಪಿನಕಾಯಿ ಬಡಿಸುವ ಕೈ ಹಾಗೇ ಹಿಡಿದು ನಿಂತಳು.

"ನಿನ್ನಿ ನೀ ಅದನ್ನ ಬಾರಸಿದ್ದು ಕೇಳಿದೆ," ಅಜ್ಜ ತಾಟಿನಿಂದ ಕಣ್ಣೆತ್ತದೆ ಹೇಳಿದರು. "ಸುರುವಿಗೆ ಒಂದು ಶ್ರುತಿ, ಮುಗಸೂದ್ರಾಗ ಇನ್ನೊಂದು. ಒಂದು ಊಟದ ಹೊತ್ತು ಒಂದ ಕಡೆ ನಿಲ್ಲದ ವಸ್ತು ಅದು. ಅದನ್ನ ನಂಬಿ ಹೊಂಟೀ ಏನು?"

"ಅದರ ತಂತಿ ಹಾಯೂ ಕುದರಿ ತೂಗ್ಯಾಡ್ತದಪ್ಪ. ಸರಿಯಾಗಿ ಕೂಡಿಸಿದರ ನಿಲ್ತದ."

"ಕೂಡಸು. ಬೈಲಹೊಂಗಲದಾಗ ಕೂತು ಬಾರಸು. ಕೂತಾಗಿಂದ ಏಳೂ ತನಕ ಶ್ರುತಿ ತಪ್ಪದಿದ್ದರ ನೀ ಹೋಗು, ನಾ ಅಡ್ಡ ಬರೂದಿಲ್ಲ. ತಪ್ಪಿತೋ, ಹೂಲಿ."

"ನಿಮಗ ಹೆಂಗ ಗೊತ್ತಾಗ್ತದ? ಬಂದು ಕೇಳ್ತೀರೇನು?"

"ನಾ ಯಾಕ ಬರಲಿ? ಮಾಲೂ ಬರ್ತಾಳ. ಆಕಿ ಕೇಳಿದ್ದಷ್ಟ ಹೇಳ್ತಾಳ."

ಮಾಲೂ ಅಂದರೆ ನಾನು.

ಮರುದಿನದಿಂದ ಒಂದೂವರೆಯಿಂದ ಮೂರರ ತನಕ ನಡುಮನೆ ನಮ್ಮದಾಯಿತು. ಪಡಸಾಲೆಯಿಂದ ಅಜ್ಜನ ಗೊರಕೆ ಬರುವ ತನಕ ಕಾದು ಕೂಡುತ್ತಿದ್ದೆವು. ಗಿಟಾರಿನ ದನಿ ಹೆಚ್ಚಿಸುವ ಪೆಟ್ಟಿಗೆ ಮೇಳದವರ ಹತ್ತಿರವಿತ್ತು; ಮನೆಯಲ್ಲಿ ಅದು ಸೊಳ್ಳೆಯ ಹಾಗೆ ಹಾಡುತ್ತಿತ್ತು. ಆದರೆ ಅದರ ಮರದ ಕೊಂಬನ್ನು ನಮ್ಮ ಜೋಳದ ದೊಡ್ಡ ಪೆಟ್ಟಿಗೆಗೆ ಆನಿಸಿದರೆ ಪೆಟ್ಟಿಗೆ ಪೂರ್ತಿ ಗುಂಯ್ಗುಡುತ್ತಿತ್ತು. ನಾನು ಪೆಟ್ಟಿಗೆಯ ಮೇಲೆ ಕಿವಿಯಿಟ್ಟು ಮಲಗುತ್ತಿದ್ದೆ. ಅರ್ಧ ಖಾಲಿಯಿದ್ದ ಆ ಪೆಟ್ಟಿಗೆಯೊಳಗೆ, ಜೋಳದ ಮೇಲಿನ ಕತ್ತಲಲ್ಲಿ, ಯಾರೋ ಬಹಳ ದೂರದಿಂದ ನಡೆದು ಬರುತ್ತಿರುವಂತೆ ದನಿ ಕೇಳುತ್ತಿತ್ತು. ಕೆನ್ನೆಗೆ ಮರದ ನಡುಕ, ಮೂಗಿಗೆ ಹಳೆಯ ಜೋಳದ ವಾಸನೆ. ಕಣ್ಣ ಮುಂದೆ ಬೆಳಕಿನ ಕಂಬ. ಕಾಕಾ ತಂತಿ ಮೀಟಿದಾಗಲೆಲ್ಲ ಅದರೊಳಗಿನ ಧೂಳು ಒಮ್ಮೆ ಬೆಚ್ಚಿ, ಮತ್ತೆ ಈಜತೊಡಗುತ್ತಿತ್ತು ಎಂದು ನನಗೆ ನೆನಪು. ಹಾಗೆ ಆಗಲು ಸಾಧ್ಯವೇ, ಗೊತ್ತಿಲ್ಲ. ನೆನಪಿರುವುದನ್ನು ಬರೆದಿದ್ದೇನೆ.

ವೀಣೆಯಲ್ಲಾಗಲಿ ಸಿತಾರಿನಲ್ಲಾಗಲಿ ತಂತಿಗಳು ಹಾಯುವ ಕುದುರೆ ಅಲುಗಾಡದೆ ಕೂತಿರುತ್ತದೆ. ಈ ಗಿಟಾರಿನ ಕುದುರೆ ಹಾಗಲ್ಲ. ಅದು ತನ್ನ ಮುಂಗಾಲ ಮೇಲೆ ತೂಗುವ ಒಂದು ಉಕ್ಕಿನ ಹಲಗೆ. ಮೇಲಿನಿಂದ ಆರು ತಂತಿಗಳು ಅದನ್ನು ಒಂದು ಕಡೆಗೆ ಎಳೆಯುತ್ತವೆ. ಗಿಟಾರಿನ ಬೆನ್ನಿನ ಗೂಡಿನಲ್ಲಿ ಬಚ್ಚಿಟ್ಟ ಸ್ಪ್ರಿಂಗುಗಳು ಇನ್ನೊಂದು ಕಡೆಗೆ ಎಳೆಯುತ್ತವೆ. ಎರಡೂ ಎಳೆತ ಸಮವಾದರೆ ಹಲಗೆ ಮರದಿಂದ ಎರಡು ನಾಣ್ಯದಷ್ಟು ಮೇಲೆ, ಗಾಳಿಯಲ್ಲಿ, ಸಪಾಟಾಗಿ ನಿಲ್ಲುತ್ತದೆ. ಅದಕ್ಕೊಂದು ಉಕ್ಕಿನ ಹಿಡಿಕೆ. ಹಿಡಿಕೆ ಒತ್ತಿದರೆ ಆರೂ ತಂತಿ ಒಟ್ಟಿಗೆ ಸಡಿಲಾಗಿ ದನಿ ಕೆಳಗೆ ಜಾರುತ್ತದೆ. ಬಿಟ್ಟರೆ ಏರಿ ಬರುತ್ತದೆ. ಕಾಕಾ ಮೊದಲ ಸಲ ಅದನ್ನು ಒತ್ತಿ ತೋರಿಸಿದ ದಿನ ಅವ್ವ ಅಡುಗೆಮನೆಯಿಂದ ಮೊರದ ತುಂಬ ಜೋಳ ಹಿಡಿದುಕೊಂಡು ಲಗುಬಗೆಯಿಂದ ಬಂದು, ಬಾಗಿಲಲ್ಲಿ ಇಣುಕಿ, ಯಾರೂ ಇಲ್ಲದ್ದನ್ನು ಕಂಡು ನಿಂತುಬಿಟ್ಟಳು.

"ಜೋಗಮ್ಮ ಎಲ್ಲಿ ಹೋದಳೋ?"

"ಯಾವ ಜೋಗಮ್ಮ, ವೈನಿ?"

"ಚೌಡಿಕಿ ಬಾರಸಿದ್ದು ಕೇಳಿತಲ್ಲಾ. ಬಾಗಲಿಗೆ ಬಂದಾಕಿನ್ನ ಬರೀಗೈಲೆ ಕಳಸಿದಿರೇನು ಮತ್ತ?"

ಮನೆ ಮನೆಗೆ ಬೇಡುತ್ತ ದೇವಿಯ ಗುಡ್ಡಕ್ಕೆ ಹೋಗುವ ಜೋಗಮ್ಮಂದಿರು ಕಂಕುಳಲ್ಲಿ ಇರುಕಿ ನುಡಿಸುವ ಚೌಡಿಕೆಗೆ ಒಂದೇ ತಂತಿ. ಅದನ್ನು ಬಿಗಿ ಸಡಿಲು ಮಾಡುತ್ತ ದನಿಯನ್ನು ಮೇಲೆ ಕೆಳಗೆ ಜಾರಿಸುತ್ತಾರೆ. ಅವ್ವನ ಕಿವಿ ತಪ್ಪಿರಲಿಲ್ಲ. ಕಾಕಾ ಎರಡೂ ಕೈ ಚಾಚಿ, "ನಾನ ಜೋಗಮ್ಮ, ನನಗ ಹಾಕ್ರಿ," ಅಂದ. ಅವ್ವ ಅವನ ತಲೆಗೆ ಮೊರದ ಅಂಚಿನಿಂದ ಮೆಲ್ಲಗೆ ಹೊಡೆದು ಒಳಗೆ ಹೋದಳು. ಅವಳು ನಗುವುದು ಗೋಡೆಯಾಚೆ ಬಹಳ ಹೊತ್ತು ಕೇಳಿತು.

ಬೆನ್ನಿನ ಗೂಡಿನ ಮುಚ್ಚಳ ತೆಗೆದಾಗ ಮೂರು ಸ್ಪ್ರಿಂಗುಗಳ ಪೈಕಿ ಒಂದು ತುಕ್ಕು ಹಿಡಿದು ಜೋಲುಬಿದ್ದಿತ್ತು. ಅದನ್ನು ಹಿಡಿದುಕೊಂಡು ನಾವಿಬ್ಬರೂ ಸೈಕಲ್ ಅಂಗಡಿಯ ಮೈಬೂಬ ಸಾಬರ ಹತ್ತಿರ ಹೋದೆವು. ಅವರು ಅದನ್ನು ಎರಡೂ ತುದಿ ಹಿಡಿದು ಎಳೆದು ನೋಡಿದರು.

"ಇದು ಯಾವ ಗಾಡಿದ್ರೀ?"

"ಗಾಡಿದಲ್ಲ ಸಾಬರ, ಗಿಟಾರಿಂದು."

"ಹೌದ್ರ್ಯಾ? ಲೀಟರಿಗೆ ಎಷ್ಟ ಮೈಲಿ ಓಡತೈತಿ?"

ಹಾಗೆಂದರೂ ಡಬ್ಬಿಯಲ್ಲಿದ್ದ ಎಲ್ಲ ಸ್ಪ್ರಿಂಗುಗಳನ್ನು ನೆಲಕ್ಕೆ ಸುರಿದು, ಒಂದೊಂದನ್ನೇ ನಮ್ಮ ಒಳ್ಳೆಯ ಸ್ಪ್ರಿಂಗಿನ ಜೊತೆ ಜೋಡಿ ಹಿಡಿದು ಎಳೆದು, ಅಷ್ಟೇ ಬಿಗಿಯುಳ್ಳದ್ದನ್ನು ಹುಡುಕಿ ಕೊಟ್ಟರು. ತುದಿಯ ಕೊಕ್ಕೆಯನ್ನು ಇಕ್ಕಳದಿಂದ ತಾವೇ ಬಗ್ಗಿಸಿದರು.

ಇನ್ನು ಶ್ರುತಿ ಕೂಡಿಸುವುದು. ಕಾಕಾನ ಹತ್ತಿರ ಎರಡು ಹಲ್ಲಿನ ಒಂದು ಉಕ್ಕಿನ ಕವೆಯಿತ್ತು. ಮೊಣಕಾಲಿಗೆ ಬಡಿದು ಪೆಟ್ಟಿಗೆಯ ಮೇಲೆ ಊರಿದರೆ ಒಂದೇ ಒಂದು ಸ್ವರ ಹಿಡಿದು ಹಾಡುತ್ತಿತ್ತು. ಆ ಸ್ವರಕ್ಕೆ ಒಂದು ತಂತಿ, ಆ ತಂತಿಗೆ ಮುಂದಿನ ತಂತಿ. ಕೈ ಕಾಕಾನದು, ಕಿವಿ ನನ್ನದು. ಎರಡು ದನಿ ಒಂದಾಗುವ ಮೊದಲು ಅವುಗಳ ನಡುವೆ ಒಂದು ಅಲೆ ಏಳುತ್ತದೆ. ಹತ್ತಿರ ಬಂದ ಹಾಗೆ ಅಲೆ ನಿಧಾನವಾಗುತ್ತದೆ, ಇನ್ನೂ ನಿಧಾನ, ಆಮೇಲೆ ನಿಂತ ನೀರು. ನಿಂತಾಗ ನಾನು ಕೈ ಎತ್ತುತ್ತಿದ್ದೆ. ಕೈ ಎತ್ತಿದ ತಂತಿ ಮುಗಿದ ಹಾಗೆ. ಅದನ್ನು ಬಿಗಿಯಲು ತಿರುಗಿಸುವ ಬಿರಡೆಗೆ ನಾನು ಕುಂಕುಮದ ಬೊಟ್ಟಿಡುತ್ತಿದ್ದೆ. ಕಾಕಾ ಬೇಡವೆನ್ನಲಿಲ್ಲ, ಅವನೂ ಅದೇ ಮನೆಯಲ್ಲಿ ಬೆಳೆದವನು. ಗೋವಾದ ಮುದುಕರು ಬಾರಿಸುವುದನ್ನು ಮಾತ್ರ ಕಲಿಸಿದ್ದರು. ಕೂಡಿಸುವ ಕೆಲಸವನ್ನು ಯಾರ ಕೈಗೂ ಕೊಟ್ಟವರಲ್ಲ. ಮೊದಲ ದಿನ ಮೂರು ಹೊಡೆಯುವುದಕ್ಕೆ ಐದು ನಿಮಿಷವಿರುವಾಗ ಆರನೆಯ ಬಿರಡೆಗೆ ಬೊಟ್ಟು ಬಿತ್ತು. ಆರು ಬಿರಡೆ, ಆರು ಬೊಟ್ಟು. ಕಾಕಾ ಆರೂ ತಂತಿಗಳ ಮೇಲೆ ಬೆರಳೆಳೆದ.

ಏನು ಹೇಳಲಿ. ಅದು ಆರು ಜನ ಒಂದೇ ಬಾಗಿಲಲ್ಲಿ ಜಗಳಾಡಿದ ಹಾಗಿತ್ತು.

ಮೊದಲನೆಯ ತಂತಿ ಇಳಿದುಹೋಗಿತ್ತು. ಎರಡನೆಯದೂ. ನಾನೇ ಕಿವಿಯಿಟ್ಟು, ಅಲೆ ನಿಂತದ್ದನ್ನು ಕೇಳಿ, ಬೊಟ್ಟಿಟ್ಟ ತಂತಿಗಳು. ನನಗೆ ಅವಮಾನದಿಂದ ಅಳು ಬಂತು. ಕಾಕಾ ತಂತಿ ಹಳೆಯವೆಂದ. ಸೆಕೆಗೆ ಮರ ಹಿಗ್ಗಿದೆ ಎಂದ. ಅವ್ವ ಯಾರದೋ ಕಣ್ಣು ಬಿದ್ದಿದೆ ಎಂದು ಗಿಟಾರಿಗೆ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು; ಮನೆಯವರೆಲ್ಲ ಕೆಮ್ಮಿದೆವು. ಕೆಟ್ಟ ಕೆಲಸಕ್ಕೆ ತೇಪೆ ಹಚ್ಚುವಂತಿಲ್ಲವಾದ್ದರಿಂದ ಮರುದಿನ ಬೊಟ್ಟೆಲ್ಲ ಒರಸಿ, ಆರೂ ತಂತಿಗಳನ್ನು ಪೂರಾ ಸಡಿಲಿಸಿ, ಮೊದಲಿನಿಂದ ಸುರು ಮಾಡಿದೆವು. ಒಂದು ಮುಗಿಸಿ, ಬೊಟ್ಟಿಟ್ಟು, ಇನ್ನೊಂದು. ಮೂರರ ಹೊತ್ತಿಗೆ ಮತ್ತೆ ಅದೇ ಜಗಳ. ಹೀಗೆ ಎಂಟು ಮಧ್ಯಾಹ್ನ. ಎಂಟನೆಯ ದಿನ ಕಾಕಾ ಗಿಟಾರನ್ನು ಪೆಟ್ಟಿಗೆಯ ಮೇಲೆ ಮಲಗಿಸಿ, ಗೋಡೆಗೆ ಒರಗಿ, ಬೆಳಕಿಂಡಿಯ ಕಡೆ ನೋಡುತ್ತ ಕುಳಿತ.

"ಹೂಲಿಯೊಳಗ ಬಾವಿ ನೀರು ಭಾಳ ಸಿಹಿ ಅಂತ, ಮಾಲೂ."

ನಾನು ಬಿರಡೆಗಳ ಮೇಲಿನ ಬೊಟ್ಟು ಒರಸತೊಡಗಿದೆ.

"ಗುಡಿ ಮುಂದ ಬೇವಿನ ಗಿಡ ಅದ. ನೆರಳ ಅದ. ಮುಂಜಾನೆ ಪೂಜಿ, ಸಂಜೀಕ ಪೂಜಿ. ನಡುವ ಏನ ಮಾಡೂದು ಅಂತ ಯಾರಿಗೂ ಗೊತ್ತಿಲ್ಲ."

ಮಾರನೆಯ ಬೆಳಿಗ್ಗೆ ಐದೂವರೆಗೆ ನಾನು ಅಡುಗೆಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದೆ. ಅದು ನನ್ನ ಪಾಲಿನ ಕೆಲಸ. ನಡುಮನೆಯ ಆಚೆ ಪಡಸಾಲೆಯಲ್ಲಿ ಅಜ್ಜ ಶಿಷ್ಯರಿಗೆ ಜಟೆ ಹೇಳಿಸುತ್ತಿದ್ದರು. ಹೆಣ್ಣುಮಕ್ಕಳಿಗೆ ಅದನ್ನು ಕಲಿಸುತ್ತಿರಲಿಲ್ಲ; ಆದರೆ ಕೇಳಿಸದ ಹಾಗೆ ತಡೆಯುವುದು ಎರಡು ಮೊಳದ ಗೋಡೆಗೂ ಆಗಿರಲಿಲ್ಲ. ಜಟೆಯೆಂದರೆ ಮಂತ್ರದ ಪದಗಳನ್ನು ಹೆಣೆದು ಹೇಳುವ ಒಂದು ರೀತಿ. ಒಂದು ಎರಡು, ಎರಡು ಒಂದು, ಒಂದು ಎರಡು. ಆಮೇಲೆ ಎರಡು ಮೂರು, ಮೂರು ಎರಡು, ಎರಡು ಮೂರು. ಹುಟ್ಟಿದಾಗಿನಿಂದ ಕೇಳಿದ್ದ ದನಿ ಅದು; ಕಡೆಗೋಲಿನ ಹಗ್ಗ ಎಳೆಯುವ ನನ್ನ ಕೈ ಅದರ ಲಯಕ್ಕೇ ಹೋಗಿ ಬರುತ್ತಿತ್ತು. ಅರೆನಿದ್ದೆಯಲ್ಲಿ ಮಜ್ಜಿಗೆಯ ಮೇಲೆ ಬೆಣ್ಣೆಯ ಕಣ ತೇಲುವುದನ್ನು ನೋಡುತ್ತಿದ್ದೆ. ಆಗ ತಟ್ಟನೆ ಹೊಳೆಯಿತು. ಅಜ್ಜ ಯಾವ ಪದವನ್ನೂ ಮುಗಿಸಿ ಬಿಟ್ಟು ಹೋಗುತ್ತಿಲ್ಲ. ಒಂದು ಹೆಜ್ಜೆ ಮುಂದೆ ಹೋಗಿ, ಹಿಂದಿನದರ ಹತ್ತಿರ ತಿರುಗಿ ಬಂದು, ಅದರ ಕೈ ಹಿಡಿದುಕೊಂಡು ಮತ್ತೆ ಮುಂದೆ ಹೋಗುತ್ತಾರೆ. ಮನೆಯಲ್ಲಿ ಯಾವುದನ್ನೂ ಎರಡು ಸಲ ಮುಟ್ಟಬಾರದೆನ್ನುವ ಮನುಷ್ಯ, ದಿನಾ ನಸುಕಿನಲ್ಲಿ, ಪ್ರತಿ ಪದವನ್ನೂ ಮತ್ತೆ ಮತ್ತೆ ಮುಟ್ಟುತ್ತಿದ್ದರು.

ಅವತ್ತು ಮಧ್ಯಾಹ್ನ ಕುಂಕುಮದ ಭರಣಿ ತರಲಿಲ್ಲ.

"ಬೊಟ್ಟ ಇಡೂದ ಬ್ಯಾಡ ಕಾಕಾ. ಯಾವ ತಂತೀನೂ ಪೂರಾ ಮುಗಸೂದ ಬ್ಯಾಡ. ಒಂದು ಎರಡು ಮಾಡೂಣು, ಮತ್ತ ಒಂದಕ್ಕ ಬರೂಣು. ಆಮ್ಯಾಲ ಎರಡು ಮೂರು."

"ಮುಗದದ್ದನ್ನ ಮತ್ತ ಮುಟ್ಟೂದಾ? ಅಜ್ಜಗ ಗೊತ್ತಾದರ?"

"ಅಜ್ಜನ ಕಲಿಸ್ಯಾರ."

ಒಂದು ತಂತಿ ಬಿಗಿದರೆ ಹಲಗೆ ಒಂದು ಕೂದಲಿನಷ್ಟು ಮೇಲೇಳುತ್ತದೆ. ಹಲಗೆ ಎದ್ದರೆ ಮುಗಿದಿದ್ದ ಉಳಿದ ತಂತಿಗಳೆಲ್ಲ ಅಷ್ಟಷ್ಟು ಸಡಿಲಾಗುತ್ತವೆ. ಇಷ್ಟು ಸಣ್ಣ ಮಾತು ಎಂಟು ದಿನ ನಮ್ಮಿಬ್ಬರಿಗೂ ಕಾಣಿಸಿರಲಿಲ್ಲ. ಈಗ ಯಾವ ತಂತಿಯನ್ನೂ ಪೂರಾ ಬಿಗಿಯದೆ, ಅರ್ಧಕ್ಕೆ ತಂದು, ಮುಂದಿನದನ್ನು ಅರ್ಧಕ್ಕೆ ತಂದು, ತಿರುಗಿ ಬಂದು ನೋಡಿ ಹೋದೆವು. ಆರನೆಯದನ್ನು ಮುಟ್ಟಿ ಮತ್ತೆ ಒಂದನೆಯದಕ್ಕೆ. ಹಲಗೆ ಎತ್ತರವಾದರೆ ಬೆನ್ನಿನ ಎರಡು ತಿರುಪುಗಳನ್ನು ಅರ್ಧ ಸುತ್ತು ಬಿಗಿದು, ಮತ್ತೆ ಜಟೆ. ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಗೀರುಗಳಿಗೆ ಪೆನ್ಸಿಲ್ಲಿನ ಸೀಸ ಉಜ್ಜಿದೆವು, ತಂತಿ ಸಲೀಸಾಗಿ ಜಾರಲೆಂದು. ಆ ಗೀರುಗಳಿದ್ದ ತುಣುಕು ಎಲುಬಿನದೆಂದು ಕಾಕಾ ಹೇಳಿದ. ಅಜ್ಜನಿಗೆ ನಾನು ಹೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ. ನಾಲ್ಕನೆಯ ದಿನ ಹಲಗೆ ಸಪಾಟಾಯಿತು. ಕೆಳಗೆ ಎರಡು ನಾಣ್ಯ ತೂರಿಸಿದರೆ ತಗುಲಿಯೂ ತಗುಲದ ಹಾಗೆ ಹೊರಗೆ ಬಂದವು. ಕಾಕಾ ಆರೂ ತಂತಿ ಮೀಟಿ ಹಿಡಿಕೆಯನ್ನು ಮೆಲ್ಲಗೆ ಒತ್ತಿದ. ನಾನು ಪೆಟ್ಟಿಗೆಯ ಮೇಲೆ ಕಣ್ಣುಮುಚ್ಚಿ ಮಲಗಿದ್ದೆ. ಬಾವಿಗೆ ಕೊಡ ಬಿಟ್ಟಾಗ ನೀರಿನಲ್ಲಿದ್ದ ಆಕಾಶ ಮುರಿದು, ಮಡಿಕೆ ಮಡಿಕೆಯಾಗಿ ಗೋಡೆಗಳ ಕಡೆ ಹೋಗಿ, ಕೊಡ ಮೇಲೆದ್ದ ಮೇಲೆ ತಾನೇ ಒಂದುಗೂಡುತ್ತದಲ್ಲ, ದನಿ ಹಾಗೆ ಹೋಗಿ ಹಾಗೆ ಬಂತು. ಬಂದದ್ದು ಹೋದ ಜಾಗಕ್ಕೇ. ಎಷ್ಟು ಸಲ ಒತ್ತಿದನೋ, ನಾನು ಎಷ್ಟು ಹೊತ್ತು ಮಲಗಿದ್ದೆನೋ ತಿಳಿಯದು. ಗಡಿಯಾರ ಮೂರು ಹೊಡೆದದ್ದು ಕೇಳಿಸಲಿಲ್ಲ. ಪಡಸಾಲೆಯಲ್ಲಿ ತಂಬಿಗೆ ಕೆಳಗಿಟ್ಟ ಸದ್ದಾಯಿತು. ಆಗಲೂ ಅಜ್ಜ ಒಳಗೆ ಬರಲಿಲ್ಲ, ಕರೆಯಲಿಲ್ಲ.

ಮದುವೆ ಬೈಲಹೊಂಗಲದಲ್ಲಿ, ಹತ್ತಿಯ ಬೀಜ ಬಿಡಿಸುವ ಜಿನ್ನಿನ ಅಂಗಳದಲ್ಲಿ. ಹಂದರ ಹಾಕಿದ್ದರು. ಹಂಗಾಮು ಮುಗಿದಿದ್ದರೂ ಗೋಡೆಗಳ ಸಂದಿಯಲ್ಲಿ ಉಳಿದಿದ್ದ ಅರಳೆ ಗಾಳಿಗೆ ಎದ್ದು ಜನರ ತಲೆಯ ಮೇಲೆ, ಹೋಳಿಗೆಯ ತಾಟುಗಳ ಮೇಲೆ ತೇಲಾಡುತ್ತಿತ್ತು. ಊಟವಾಗಿ, ಮೂರು ಗಂಟೆಗೆ ಮೇಳ ಕುಳಿತಿತು. ನಾನು ವೇದಿಕೆಯ ಎಡಕ್ಕೆ, ಹೆಂಗಸರ ಸಾಲಿನ ಮುಂದೆ, ಕೈ ಕಟ್ಟಿ ಕುಳಿತೆ. ಕಾಕಾನ ಬಿಳಿ ಅಂಗಿಯ ಮೇಲೆ ಅವ್ವನ ಸೆರಗಿನ ಕೆಂಪು ಪಟ್ಟಿ. ಸೊಳ್ಳೆಯಂತಿದ್ದ ದನಿ ಕರೆಂಟಿನ ಪೆಟ್ಟಿಗೆಯಿಂದ ಹೊರಬಂದಾಗ ಅಂಗಳಕ್ಕಿಂತ ದೊಡ್ಡದಾಗಿತ್ತು. ನನ್ನ ಪಕ್ಕದ ಹೆಂಗಸು ಕೂಸಿನ ಕಿವಿ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ತೆಗೆದಳು. ಒಂದು ಹಾಡು, ಎರಡು, ಮೂರು. ಕಾಕಾ ಹಿಡಿಕೆ ಒತ್ತಿದಾಗಲೆಲ್ಲ ಅರಳೆಯೂ ಗಾಳಿಯಲ್ಲಿ ಒಂದು ಗೇಣು ಕೆಳಗಿಳಿದು ಮತ್ತೆ ಏಳುವಂತೆ ಕಂಡಿತು. ನಾನು ಲೆಕ್ಕವಿಡುತ್ತಿದ್ದೆ. ಒತ್ತಿದ, ಬಂತು. ಒತ್ತಿದ, ಬಂತು.

ಏಳನೆಯ ಹಾಡಿನಲ್ಲಿ ಬರಲಿಲ್ಲ. ಹಿಡಿಕೆ ಬಿಟ್ಟ ಮೇಲೆ ಐದು ತಂತಿ ತಮ್ಮ ಜಾಗಕ್ಕೆ ಬಂದವು; ಎರಡನೆಯದು ಕತ್ತಿನ ಗೀರಿನಲ್ಲಿ ಸಿಕ್ಕಿ ಸ್ವಲ್ಪ ತಗ್ಗಿನಲ್ಲೇ ನಿಂತಿತು. ಬಹಳವಲ್ಲ. ಹಂದರದಲ್ಲಿ ಯಾರೂ ತಲೆಯೆತ್ತಲಿಲ್ಲ. ಹಾಡುವವಳು ಹಾಡುತ್ತಿದ್ದಳು, ಮೇಳದ ಯಜಮಾನರು ಕಣ್ಣುಮುಚ್ಚಿ ತಲೆದೂಗುತ್ತಿದ್ದರು. ನನ್ನ ಕಿವಿಗೆ ಮಾತ್ರ ಆ ಅಲೆ ಕೇಳಿತು. ಕಾಕಾ ನನ್ನ ಕಡೆ ನೋಡಲಿಲ್ಲ, ಬಿರಡೆಯನ್ನೂ ಮುಟ್ಟಲಿಲ್ಲ. ಒಂದನ್ನು ಮುಟ್ಟಿದರೆ ಐದೂ ಹೋಗುತ್ತವೆಂದು ಈಗ ಅವನಿಗೆ ಗೊತ್ತಿತ್ತು. ಹಿಡಿಕೆಯ ಕೆಳಗೆ ಕಿರುಬೆರಳು ತೂರಿಸಿ ಮೇಲಕ್ಕೆ ಒಮ್ಮೆ, ಕೂಸಿನ ಗಲ್ಲ ಎತ್ತಿದ ಹಾಗೆ ಎತ್ತಿ, ಬಿಟ್ಟ. ಸಿಕ್ಕಿದ್ದ ತಂತಿ ಬಿಡಿಸಿಕೊಂಡು ತನ್ನ ಜಾಗಕ್ಕೆ ಬಂತು. ಹಾಡಿನ ಆ ಸಾಲು ಇನ್ನೂ ಮುಗಿದಿರಲಿಲ್ಲ.

ಐದು ಗಂಟೆಗೆ ಯಜಮಾನರು ಕಾಕಾನ ಹೆಗಲ ಮೇಲೆ ಕೈಯಿಟ್ಟರು. "ಸೋಮವಾರದಿಂದ ಬರ್ರಿ. ಇಲ್ಲೇ ಇರಾಕ ಒಂದು ಖೋಲಿ ನೋಡೂಣು." ಕಾಕಾ ಕೈ ಮುಗಿದ. ಹ್ಞೂಂ ಅನ್ನಲಿಲ್ಲ.

ಸವದತ್ತಿಯ ಬಸ್ಸಿನಲ್ಲಿ ಗಿಟಾರು ನಮ್ಮಿಬ್ಬರ ತೊಡೆಯ ಮೇಲೆ ಅಡ್ಡ ಮಲಗಿತ್ತು. ಹೊರಗೆ ಕರಿ ನೆಲ, ಹರಗಿ ಬಿಟ್ಟ ಹೊಲಗಳು, ಇಳಿಬಿಸಿಲು.

"ಕೇಳಿತಲ್ಲಾ?" ಕಾಕಾ ಅಂದ.

"ಕೇಳಿತು."

"ಏನ ಹೇಳ್ತೀ?"

"ಆದದ್ದು ಹೇಳ್ತೀನಿ."

ಅವನು ಕಿಟಕಿಯ ಕಡೆ ತಿರುಗಿದ. "ಹೇಳು," ಅಂದ. "ನೀ ಬ್ಯಾರೆ ಏನರೆ ಹೇಳಿದರ ಅಪ್ಪಗ ನಿನ್ನ ಮ್ಯಾಲೂ ನಂಬಿಕಿ ಹೋಗ್ತದ. ನಂದಂತೂ ಹೋಗೇದ." ಆಮೇಲೆ ನನ್ನ ಜಡೆಯಲ್ಲಿ ಸಿಕ್ಕಿದ್ದ ಅರಳೆಯನ್ನು ತೆಗೆದು ಕಿಟಕಿಯಾಚೆ ಬಿಟ್ಟ.

ಬಂದ ದಿನ ಮೇಳದವರು ಕರೆದದ್ದನ್ನು ಕಾಕಾ ಹೇಳಿದ; ಅಜ್ಜ ಏನೂ ಕೇಳಲಿಲ್ಲ. ಸಂಜೆ ಸಂಧ್ಯಾವಂದನೆಯ ಹೊತ್ತು. ವೇಳೆಯಲ್ಲದ ವೇಳೆಗೆ ಮಾತಿಲ್ಲ. ಮರುದಿನ ಬೆಳಿಗ್ಗೆ ಪಾಠ, ಪೂಜೆ, ಊಟ, ನಿದ್ದೆ. ಮಜ್ಜಿಗೆ ಕಡೆಯುವಾಗ ಎರಡು ಸಲ ಹಗ್ಗ ಕೈಯಿಂದ ಜಾರಿತು. ಕಾಕಾ ಹಿತ್ತಲಲ್ಲಿ ಬಾವಿಯ ಕಟ್ಟೆಯ ಮೇಲೆ ಕುಳಿತೇ ಇದ್ದ. ಮೂರು ಹೊಡೆಯಿತು. ನಾನು ತಂಬಿಗೆ ನೀರು ಒಯ್ದೆ. ಅಜ್ಜ ಕುಡಿದು, ತಂಬಿಗೆ ಕೆಳಗಿಟ್ಟು, ಮೀಸೆ ಒರಸಿಕೊಂಡರು.

"ಕುಂಡ್ರು. ಶ್ರುತಿ ತಪ್ಪಿತೇನು?"

"ಇಲ್ಲ" ಅಂದುಬಿಟ್ಟರೆ ಮುಗಿಯಿತು, ಒಂದೇ ಶಬ್ದ. ಅವ್ವ ಬಾಗಿಲ ಹಿಂದೆ ನಿಂತದ್ದು ಅವಳ ಬಳೆಯಿಂದ ತಿಳಿಯಿತು.

"ತಪ್ಪಿತು ಅಜ್ಜ."

ಬಳೆ ಸುಮ್ಮನಾದವು. ಅಜ್ಜ ಒಂದು ಸಲ ತಲೆಯಾಡಿಸಿದರು, ಗೊತ್ತಿದ್ದದ್ದನ್ನೇ ಕೇಳಿದವರ ಹಾಗೆ.

"ಎಷ್ಟನೇ ಹಾಡು?"

"ಏಳು. ಎರಡನೇ ತಂತಿ ಇಳೀತು."

"ಯಾರು ಹೇಳಿದರು ಅವಗ? ನೀ ಕೈ ಮಾಡಿದೇನು?"

"ಇಲ್ಲ. ಯಾರೂ ಹೇಳಲಿಲ್ಲ. ಯಾರಿಗೂ ತಿಳೀಲಿಲ್ಲ. ಅವಗ ತಿಳೀತು."

"ಆಮ್ಯಾಲ?"

"ತಂದ. ಸಾಲು ಮುಗಿಯೂದ್ರೊಳಗ ತಿರುಗಿ ತಂದ."

ಅಜ್ಜ ಪಡಸಾಲೆಯ ಕಂಬದ ಕಡೆ ತಿರುಗಿದರು.

"ಮೂರು ವರ್ಷ ಆತು, ಈ ಪಾಠದ ಹುಡುಗರು ತಪ್ಪಿದ್ದು ನಾ ಹೇಳೂ ತನಕ ಅವರಿಗೆ ತಿಳಿಯೂದಿಲ್ಲ," ಎಂದರು, ನನಗಲ್ಲ, ಕಂಬಕ್ಕೆ. ಆಮೇಲೆ ಗೂಡಿನ ಕಡೆ ಕೈ ತೋರಿಸಿದರು. "ಕಾರ್ಡ ತಾ. ಹೂಲಿಗೆ ಬರಿ."

ನಾನು ಕಾಲ ಮೇಲೆ ಹಲಗೆಯಿಟ್ಟುಕೊಂಡು, ಮೇಲೆ ಊರು, ತಿಥಿ ಬರೆದು, ಸಾಷ್ಟಾಂಗ ನಮಸ್ಕಾರಗಳನ್ನು ಬರೆದು ಕಾದೆ. ಅಜ್ಜ ಒಂದೊಂದೇ ಶಬ್ದ ಬಿಡಿಸಿ ಹೇಳಿದರು. ವಸಂತನು ಬರುವುದಿಲ್ಲ. ತಾವು ಬೇರೆಯವರನ್ನು ನೋಡಿಕೊಳ್ಳಬೇಕು. ಕೊಟ್ಟ ಮಾತು ಹಿಂದೆ ತೆಗೆದುಕೊಂಡದ್ದಕ್ಕೆ ಕ್ಷಮಿಸಬೇಕು. ಅವರು ಯಾರಲ್ಲಾದರೂ ಕ್ಷಮೆ ಕೇಳಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ಕಾರಣ ಬರೀಲೇನು, ಅಜ್ಜ?"

"ಬರಿ. ಅವಗ ಬೈಲಹೊಂಗಲದಾಗ ಕೆಲಸ ಸಿಕ್ಕದ ಅಂತ ಬರಿ."

ಬರೆದೆ. ಅಜ್ಜ ಕಾರ್ಡನ್ನು ಇಸಿದುಕೊಂಡು, ದೂರ ಹಿಡಿದು, ಒಂದು ಸಲ ಓದಿ, ನನ್ನ ಕೈಗೆ ಕೊಟ್ಟರು. ನಾಲ್ಕಕ್ಕೆ ಅಂಚೆಯ ಡಬ್ಬಿಯಿಂದ ಕಾಗದ ತೆಗೆಯುತ್ತಿದ್ದರು. ನಾನು ಹಿತ್ತಲಿಗೂ ಹೋಗಲಿಲ್ಲ, ಕಾಕಾನಿಗೂ ಹೇಳಲಿಲ್ಲ. ಅವ್ವ ಹೇಳುತ್ತಾಳೆ ಎಂದುಕೊಂಡೆ. ಚಪ್ಪಲಿ ಹಾಕಿಕೊಳ್ಳದೆ, ಬಿಸಿಲಲ್ಲಿ, ಕಾರ್ಡನ್ನು ಎದೆಗೆ ಒತ್ತಿ ಹಿಡಿದುಕೊಂಡು ಓಡಿದೆ.